ಧಾರವಾಡದ ಗೆಳೆಯರ ಗುಂಪು

ನನ್ನಲ್ಲಿ ಓದಿದ ಕೆಲವರು ಈಗಲೂ ತಾವು ಬರೆದ ಕವಿತೆ, ಪ್ರಬಂಧಗಳನ್ನು ಕಳುಹಿಸಿ, "ಸರ್, ತಿದ್ದಿ ಕೊಡಿರಿ" ಎಂದು ಕೇಳುವುದುಂಟು. ಸಂತೋಷದಿಂದ ತಿದ್ದುತ್ತೇನೆ. ಆದರೆ ಮಾಸ್ತರನೊಬ್ಬನ ಕೆಂಪು ಶಾಯಿಯಿಂದ ಬರಹಗಾರ ಬೆಳೆಯುತ್ತಾನೆಂಬ ನಂಬಿಕೆ ನನಗಿಲ್ಲ. ಕಾಗುಣಿತ ಸರಿಹೋದೀತು, ಅಷ್ಟೆ. ಬರೆಯುವವನಿಗೆ ಬೇಕಾದದ್ದು ಜೊತೆಗೆ ಕುಳಿತು ಕೇಳುವ, ತಾವೂ ಬರೆಯುವ, ಮುಲಾಜಿಲ್ಲದೆ ಮಾತನಾಡುವ ನಾಲ್ಕು ಜನ. ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಅದನ್ನು ಇಂದು ಬರೆದಿಡುತ್ತೇನೆ.

1922ರ ಧಾರವಾಡವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಊರು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಕಲಿತವರ ಬಾಯಲ್ಲಿ ಇಂಗ್ಲಿಷ್ ಇಲ್ಲವೆ ಮರಾಠಿ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿಯೇ ಹುಟ್ಟಿ ಕನ್ನಡದ ಕೆಲಸವನ್ನು ಆರಂಭಿಸಿದ್ದಿತು. 1917ರಲ್ಲಿ ಕರ್ನಾಟಕ ಕಾಲೇಜೂ ಬಂದಿತ್ತು. ಆದರೂ ಹೊಸದಾಗಿ ಬರೆಯಬೇಕೆನ್ನುವ ತರುಣನಿಗೆ ತನ್ನ ಬರಹವನ್ನು ಯಾರ ಮುಂದೆ ಓದಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗಿದ್ದಿತು. ಓದುಗರು ಇದ್ದಾರೆಯೇ ಎಂಬುದು ತಿಳಿಯದೆ ಬರೆಯುವ ಕಷ್ಟ ಬರೆದವರಿಗೇ ಗೊತ್ತು.

ಆ ವರ್ಷ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಎಂಬ ಕೂಟ ಮೂಡಿತು. ಬೇಂದ್ರೆಯವರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1918ರಲ್ಲಿ ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದರು. ಮನೆಮಾತು ಮರಾಠಿ, ಕಾವ್ಯ ಕನ್ನಡ. ಗುಂಪಿಗೆ ಬಂದವರಾದರೂ ಒಂದೇ ಅಚ್ಚಿನವರಲ್ಲ. ಶಂ. ಬಾ. ಜೋಶಿಯವರು ಮುಲ್ಕಿ ಪರೀಕ್ಷೆಯಷ್ಟನ್ನೇ ಮುಗಿಸಿ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿದವರು. ಅವರ ಮನೆಮಾತೂ ಮರಾಠಿಯೇ. ಬೆಟಗೇರಿ ಕೃಷ್ಣಶರ್ಮರು, ಅಂದರೆ ‘ಆನಂದಕಂದ’ರು, ಗೋಕಾಕ ತಾಲೂಕಿನ ಹಳ್ಳಿಯ ಮಾತನ್ನು ಹಾಗೆಯೇ ನಾಲಗೆಯ ಮೇಲೆ ಇಟ್ಟುಕೊಂಡು ಬಂದವರು. ಮುಂದಿನ ವರ್ಷಗಳಲ್ಲಿ ರಂ. ಶ್ರೀ. ಮುಗಳಿ, ಎನ್ಕೆ, ಜಿ. ಬಿ. ಜೋಶಿ, ವಿ. ಕೃ. ಗೋಕಾಕ ಮೊದಲಾದವರು ಕೂಡಿಕೊಂಡರು. ಇವರಲ್ಲಿ ಮಾಸ್ತರ ಮಂದಿ ಎಷ್ಟಿದ್ದರು ನೋಡಿರಿ! ಈ ಮಾತನ್ನು ಹೇಳುವಾಗ ನನಗೆ ಸ್ವಲ್ಪ ಅಭಿಮಾನವಾಗುತ್ತದೆ; ಕ್ಷಮಿಸಬೇಕು.

ಗುಂಪಿನವರು ಓದಿದರು, ಹಾಡಿದರು, ವಾದ ಮಾಡಿದರು. ಬೇಂದ್ರೆಯವರ ಕವಿತೆಯನ್ನು ಪುಸ್ತಕದಲ್ಲಿ ಓದುವುದಕ್ಕೂ ಕಿವಿಯಿಂದ ಕೇಳುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ನಿಮಗೆ ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಆ ನಾದ ಒಂಟಿ ಕೋಣೆಯಲ್ಲಿ ಹುಟ್ಟುವಂಥದಲ್ಲ ಎಂಬುದು ನನ್ನ ಅನಿಸಿಕೆ. ಎದುರಿಗೆ ಕುಳಿತವನ ತಲೆ ಎಲ್ಲಿ ತೂಗಿತು, ಎಲ್ಲಿ ತೂಗಲಿಲ್ಲ ಎಂಬುದನ್ನು ಕಂಡು ಕಂಡು ಹದಗೊಂಡ ನಾದವದು. ಕವಿಗಳು ಕವಿಗಳೊಡನೆ ಮಾತ್ರ ಕೂಡದೆ ಇದ್ದುದೂ ಗುಂಪಿನ ಭಾಗ್ಯವೇ. ಶಂ. ಬಾ. ಅವರು ಕವಿಯಲ್ಲ, ಸಂಶೋಧಕರು. ಪದದ ಬೇರನ್ನು ಹಿಡಿದು ಜನಾಂಗದ ಚರಿತ್ರೆಯನ್ನು ಹುಡುಕಿದವರು. ಪದದ ಒಡಲನ್ನು ಬಗೆದು ನೋಡುವ ಹಂಬಲ ಬೇಂದ್ರೆಯವರಿಗೂ ಇದ್ದಿತು. ಒಬ್ಬರಲ್ಲಿ ಅದು ಕವಿತೆಯಾಯಿತು, ಇನ್ನೊಬ್ಬರಲ್ಲಿ ‘ಕಣ್ಮರೆಯಾದ ಕನ್ನಡ’ (1933) ಎಂಬ ಗ್ರಂಥವಾಯಿತು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಆ ಮಾಸ್ತರರಿಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ದೊರೆಯಿತು. ಅವರ ವಿಶ್ವವಿದ್ಯಾಲಯ ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವ ಉತ್ತರ: ಗೆಳೆಯರ ಗುಂಪು.

ಗೋಕಾಕರ ಬೆಳವಣಿಗೆ ಬೇರೆ ಬಗೆಯದು. ಅವರು ಕರ್ನಾಟಕ ಕಾಲೇಜಿನ ವಿದ್ಯಾರ್ಥಿ, ಇಂಗ್ಲಿಷ್ ಸಾಹಿತ್ಯದಲ್ಲಿ ಮುಳುಗಿದ್ದ ತರುಣ. ಆ ಪ್ರತಿಭೆಯನ್ನು ಕನ್ನಡದತ್ತ ಹೊರಳಿಸಿದವರು ಬೇಂದ್ರೆಯವರು. ವಯಸ್ಸಿನಲ್ಲಿ ಹದಿಮೂರು ವರ್ಷ ಹಿರಿಯರು; ಆದರೆ ಕರೆದದ್ದು ಗುಂಪಿನ ಗೆಳೆಯನೆಂದು. ಗೋಕಾಕರು ‘ವಿನಾಯಕ’ರಾದರು, ಆಕ್ಸ್‌ಫರ್ಡಿಗೆ ಹೋಗಿ ಬಂದ ಮೇಲೂ ಕನ್ನಡದಲ್ಲಿಯೇ ‘ಸಮುದ್ರಗೀತೆಗಳು’ ಬರೆದರು. ಬೇಂದ್ರೆಯವರಿಗೆ 1973ರ ಜ್ಞಾನಪೀಠ, ಗೋಕಾಕರಿಗೆ 1990ರದು. ಒಂದು ಊರಿನ ಒಂದು ಸ್ನೇಹಕೂಟದಿಂದ ಇಬ್ಬರು!

ಗುಂಪಿನೊಳಗೆ ಬೆಳೆದದ್ದು ಹೊರಗೂ ಸಲ್ಲಬೇಕಷ್ಟೆ. ತಮ್ಮವರ ನಡುವೆ ಮೆಚ್ಚುಗೆ ಪಡೆದು ಅಲ್ಲಿಯೇ ನಿಂತುಹೋದವರನ್ನು ನಾವೆಲ್ಲ ಕಂಡಿದ್ದೇವೆ. ಧಾರವಾಡದ ಗೆಳೆಯರು ಹಾಗೆ ನಿಲ್ಲಲಿಲ್ಲ. ಆಲೂರ ವೆಂಕಟರಾಯರು ಹುಟ್ಟುಹಾಕಿದ್ದ ‘ಜಯಕರ್ನಾಟಕ’ ಪತ್ರಿಕೆಯ ಸಂಪಾದಕತ್ವದಲ್ಲಿ ಬೆಟಗೇರಿಯವರೂ ಬೇಂದ್ರೆಯವರೂ ದುಡಿದರು. ನವರಾತ್ರಿಯಲ್ಲಿ ನಾಡಹಬ್ಬವನ್ನು ಆಚರಿಸುವ ಪದ್ಧತಿಯನ್ನು 1926ರಲ್ಲಿ ಆರಂಭಿಸಿದರು. 1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನೆರೆಯಿತು. ಅಲ್ಲಿ ಬೇಂದ್ರೆಯವರು ಕಾಲಪಕ್ಷಿಯನ್ನು ಕುರಿತ ತಮ್ಮ ಕವಿತೆಯನ್ನು ಓದಿದಾಗ ಮೈಸೂರು ಸೀಮೆಯವರು ಈ ಹೊಸ ದನಿಗೆ ಬೆರಗಾದರು. ಮೂರು ವರ್ಷಗಳ ಬಳಿಕ ‘ಗರಿ’ ಸಂಕಲನ ಹೊರಬಂದಾಗ ಮುನ್ನುಡಿ ಬರೆದವರು ಮಾಸ್ತಿಯವರೇ. ಮನೆಮಾತು ತಮಿಳಾದ ಹಿರಿಯರು ಮನೆಮಾತು ಮರಾಠಿಯಾದ ಕವಿಯನ್ನು ಕನ್ನಡಿಗರ ಕೈಗೆ ಒಪ್ಪಿಸಿದ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಆದರೆ ‘ಗರಿ’ ಬೆಲೆಯನ್ನೂ ಕೇಳಿತು. ಅದರಲ್ಲಿದ್ದ ‘ನರಬಲಿ’ ಕವಿತೆಯನ್ನು ಸರಕಾರ ರಾಜದ್ರೋಹವೆಂದು ಬಗೆಯಿತು. ಬೇಂದ್ರೆಯವರು ಹಿಂಡಲಗಾ ಸೆರೆಮನೆ ಸೇರಿದರು. ಬಳಿಕ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ಅವರನ್ನು ನಿರ್ಬಂಧದಲ್ಲಿ ಇಡಲಾಯಿತು. ಮಾಸ್ತರಿಕೆ ಹೋಯಿತು, ಸಂಸಾರ ಕಷ್ಟಕ್ಕೆ ಬಿದ್ದಿತು. ನಡುವಿನ ಕಂಬವೇ ಕದಲಿದ ಮೇಲೆ ಗುಂಪು ಮೊದಲಿನಂತೆ ಉಳಿಯಲಿಲ್ಲ. ಒಬ್ಬರ ಪ್ರತಿಭೆಯ ಮೇಲೆ ಅತಿಯಾಗಿ ಆತುಕೊಂಡದ್ದು ಗುಂಪಿನ ದೌರ್ಬಲ್ಯವಾಗಿತ್ತೆಂದು ನನಗೆ ತೋರುತ್ತದೆ. ಬೇಂದ್ರೆಯವರಂಥ ಆಲದ ಮರದ ಕೆಳಗೆ ಸಣ್ಣ ಗಿಡಗಳು ಬಿಸಿಲನ್ನು ಹುಡುಕಿಕೊಂಡು ದೂರ ಸರಿಯಲೇಬೇಕು. ಸರಿದವರು ಬಾಡಲಿಲ್ಲ. ಬೆಟಗೇರಿಯವರು ಮುಂದೆ ತಮ್ಮದೇ ಆದ ‘ಜಯಂತಿ’ಯನ್ನು ನಡೆಸಿದರು, ಮುಗಳಿಯವರು ಬರೆದ ಕನ್ನಡ ಸಾಹಿತ್ಯ ಚರಿತ್ರೆಯನ್ನು ಎಷ್ಟೋ ಪರೀಕ್ಷೆಗಳಿಗೆ ನಾವೆಲ್ಲ ಓದಿದವರೇ.

ಇದೇ ಕಾಲಕ್ಕೆ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಇನ್ನೊಂದು ಗೆಳೆಯರ ಕೂಟವಿದ್ದಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ — ನಾಲ್ವರೂ ಹಳ್ಳಿಯವರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಹಾಕಿ ಅವರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಕನ್ನಡ ಜಾನಪದದ ಅಡಿಗಲ್ಲು. ಧಾರವಾಡಕ್ಕೂ ಹಲಸಂಗಿಗೂ ಬಳಕೆ ಬಲವಾಗಿದ್ದಿತು. ಬೇಂದ್ರೆ, ಗೋಕಾಕ, ಮಧುರಚೆನ್ನ ಮೂವರೂ ಶ್ರೀ ಅರವಿಂದರನ್ನು ನಂಬಿದವರೆಂಬುದು ಆ ಸ್ನೇಹದ ಇನ್ನೊಂದು ಎಳೆ. ಮಧುರಚೆನ್ನರು 1953ರಲ್ಲಿ, ಐವತ್ತರ ವಯಸ್ಸಿಗೇ ತೀರಿಕೊಂಡರು. ಸಿಂಪಿ ಲಿಂಗಣ್ಣನವರು ಮಾತ್ರ 1993ರವರೆಗೆ ಬಾಳಿ ಬರೆದರು.

ಧಾರವಾಡದ ಗುಂಪಿನ ಮುಂದಿನ ಕಥೆ ಒಂದು ಅಟ್ಟದ ಕಥೆಯಾಗಿದೆ. ಜಿ. ಬಿ. ಜೋಶಿಯವರು 1933ರಲ್ಲಿ ‘ಮನೋಹರ ಗ್ರಂಥಮಾಲೆ’ಯನ್ನು ಕಟ್ಟಿದರು. ಸುಭಾಷ ರಸ್ತೆಯಲ್ಲಿದ್ದ ಅದರ ಅಟ್ಟ ಸಾಹಿತಿಗಳ ಹರಟೆಯ ಕಟ್ಟೆಯಾಯಿತು. ಅಲ್ಲಿ ಎರಡನೆಯ ತಲೆಮಾರಿಗೆ ಕಿವಿಯಾದವರು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು. ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿದ್ದಾಗ, 1961ರಲ್ಲಿ, ಅವರ ಮೊದಲ ನಾಟಕ ‘ಯಯಾತಿ’ಯನ್ನು ಅಚ್ಚು ಹಾಕಿದ್ದು ಈ ಅಟ್ಟ. ಗ್ರಂಥಮಾಲೆಯ ಬೆಳ್ಳಿಹಬ್ಬಕ್ಕಾಗಿ ಬಂದ ‘ನಡೆದು ಬಂದ ದಾರಿ’ಯಲ್ಲಿ ಕುರ್ತಕೋಟಿಯವರು ಒಂದು ಕೊರಗನ್ನು ತೋಡಿಕೊಂಡಿದ್ದರು: ಚರಿತ್ರೆಯನ್ನು ಬರ್ನಾರ್ಡ್ ಷಾ ನೋಡಿದಂತೆ ನೋಡುವ ನಾಟಕ ನಮ್ಮಲ್ಲಿ ಇಲ್ಲವಲ್ಲ ಎಂದು. ಕಾರ್ನಾಡರು ಅದನ್ನು ಓದಿ ಚರಿತ್ರೆಯ ಪುಸ್ತಕಗಳನ್ನು ತಿರುವಲಾರಂಭಿಸಿದರು. ದಿಲ್ಲಿಯ ಒಬ್ಬ ಸುಲ್ತಾನ ಕಣ್ಣಿಗೆ ಬಿದ್ದ. ಕೊರಗಿಗೆ ಉತ್ತರವಾಗಿ ಬಂದ ‘ತುಘಲಕ್’ 1964ರಲ್ಲಿ ಅದೇ ಗ್ರಂಥಮಾಲೆಯಿಂದ ಪ್ರಕಟವಾಯಿತು. ಸುಮಾರು ಅರ್ಧ ಶತಮಾನದ ಮೇಲೆ, 2011ರಲ್ಲಿ, ಕಾರ್ನಾಡರು ಆತ್ಮಕಥೆಯನ್ನು ಬರೆದಾಗ ಅದರ ಹೆಸರನ್ನು ಬೇಂದ್ರೆಯವರ ಕವಿತೆಯಿಂದ ಎತ್ತಿಕೊಂಡರು. ಹಸ್ತಪ್ರತಿಯನ್ನು ಕಳುಹಿಸಿದ್ದೂ ಅದೇ ಅಟ್ಟಕ್ಕೆ.