ಸ್ಪಿನ್ ಪ್ರಧಾನ ದಾಳಿ (ಕ್ರಿಕೆಟ್)

ಬೌಲಿಂಗ್‌ನ ಮುಖ್ಯ ಹೊಣೆಯನ್ನು ವೇಗಿಗಳಿಗೆ ಬಿಡದೆ ಮೂವರು ಅಥವಾ ನಾಲ್ವರು ಸ್ಪಿನ್ನರ್‌ಗಳಿಗೆ ವಹಿಸಿ, ರನ್ ತಡೆಯುವುದಕ್ಕಿಂತ ವಿಕೆಟ್ ಕೀಳುವುದಕ್ಕೇ ಅವರನ್ನು ಕಣಕ್ಕಿಳಿಸುವ ಕ್ರಮ. ಇಬ್ಬರು ಅಥವಾ ಮೂವರು ವೇಗಿಗಳು ಹೊಸ ಚೆಂಡಿನಿಂದ ಆರಂಭಿಸಿ, ಚೆಂಡು ಹಳತಾದ ಮೇಲೆ ಒಬ್ಬ ಅಥವಾ ಇಬ್ಬರು ಸ್ಪಿನ್ನರ್‌ಗಳ ಕೈಗೆ ಒಪ್ಪಿಸುವುದು ರೂಢಿ. ಆ ರೂಢಿಯನ್ನು ಮುರಿದ ತಂಡಗಳಲ್ಲಿ ಹೆಚ್ಚು ಮಾತಿಗೆ ಒಳಗಾದದ್ದು 1960 ಮತ್ತು 70ರ ದಶಕಗಳ ಭಾರತ ತಂಡ. ಅದರ ಬೆನ್ನೆಲುಬಾಗಿದ್ದ ಇಬ್ಬರು ಮೈಸೂರು ರಾಜ್ಯದವರು: ಬೆಂಗಳೂರಿನ ಎರಪಳ್ಳಿ ಪ್ರಸನ್ನ ಮತ್ತು ಮೈಸೂರಿನ ಬಿ.ಎಸ್. ಚಂದ್ರಶೇಖರ್. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಬೌಲರ್ ಅಲ್ಲದಿದ್ದರೂ ಈ ಇತಿಹಾಸದ ಒಂದು ದೊಡ್ಡ ತಿರುವಿನಲ್ಲಿ ಅವರ ಬ್ಯಾಟಿನ ಪಾಲಿದೆ.

ಯಾವ ತಂಡ ಇಂಥ ದಾಳಿಯನ್ನು ಯಾವಾಗ ಆಯ್ದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಪಿಚ್ಚನ್ನು ನೋಡಿ ಉತ್ತರ ಹೇಳುವುದು ವಾಡಿಕೆ. ಪಿಚ್ ಒಣಗಿ ಬಿರುಕು ಬಿಟ್ಟರೆ ಮೂವರು ಸ್ಪಿನ್ನರ್‌ಗಳು, ಹಸಿರಿದ್ದರೆ ವೇಗಿಗಳು. ಆದರೆ ದಾಖಲೆ ಇಷ್ಟು ಸರಳವಾಗಿಲ್ಲ. ಒಳ್ಳೆಯ ವೇಗಿಗಳ ಕೊರತೆ, ಬ್ಯಾಟಿಗೆ ಮೈತಾಗುವಷ್ಟು ಹತ್ತಿರ ನಿಂತು ಕ್ಯಾಚ್ ಹಿಡಿಯಬಲ್ಲವರ ಇರುವಿಕೆ, ಹಿಂದಿನ ಪಂದ್ಯದಲ್ಲಿ ತಿಂದ ಪೆಟ್ಟು ಇವು ಪಿಚ್‌ಗಿಂತ ಹೆಚ್ಚು ಸಲ ನಿರ್ಧಾರಕವಾಗಿವೆ.

ಹಿನ್ನೆಲೆ

ಭಾರತದಲ್ಲಿ ಸ್ಪಿನ್ ಬಲ ಹೊಸದಲ್ಲ. ವಿನೂ ಮಂಕಡ್, ಗುಲಾಂ ಅಹ್ಮದ್, ಸುಭಾಷ್ ಗುಪ್ತೆ 1950ರ ದಶಕದಲ್ಲೇ ಪಂದ್ಯ ಗೆಲ್ಲಿಸಿಕೊಟ್ಟಿದ್ದರು. 1959ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಜಸು ಪಟೇಲ್ ಒಂದೇ ಇನಿಂಗ್ಸ್‌ನಲ್ಲಿ 69 ರನ್‌ಗಳಿಗೆ 9 ವಿಕೆಟ್ ಪಡೆದರು. ಆಗೆಲ್ಲ ಸ್ಪಿನ್ ಎಂದರೆ ಹೆಚ್ಚಾಗಿ ತವರಿನ ಆಯುಧ. ವಿದೇಶಕ್ಕೂ ಅದನ್ನೇ ಮುಂದುಮಾಡಿ ಹೊರಟದ್ದು ಮನ್ಸೂರ್ ಅಲಿ ಖಾನ್ ಪಟೌಡಿ ನಾಯಕರಾದ ಮೇಲೆ. ಸಾಧಾರಣ ವೇಗಿಯೊಬ್ಬನನ್ನು ಲೆಕ್ಕಕ್ಕೆಂದು ಆಡಿಸುವುದಕ್ಕಿಂತ ಇನ್ನೊಬ್ಬ ಶ್ರೇಷ್ಠ ಸ್ಪಿನ್ನರ್‌ನನ್ನು ಆಡಿಸುವುದು ಮೇಲು ಎಂಬುದು ಅವರ ನಿಲುವು. 1967-68ರಲ್ಲಿ ನ್ಯೂಜಿಲೆಂಡ್‌ನಲ್ಲಿ 3-1ರಿಂದ ಗೆದ್ದ ಸರಣಿ ವಿದೇಶದಲ್ಲಿ ಭಾರತದ ಮೊದಲ ಸರಣಿ ಜಯ. ಪ್ರಸನ್ನ ಅದರಲ್ಲಿ 24 ವಿಕೆಟ್ ಪಡೆದರು. ಅದಕ್ಕೆ ತುಸು ಮುಂಚೆ ಆಸ್ಟ್ರೇಲಿಯಾದಲ್ಲಿ ಭಾರತ ನಾಲ್ಕೂ ಟೆಸ್ಟ್ ಸೋತಿದ್ದರೂ ಅವರ ಪಾಲಿಗೆ 25 ವಿಕೆಟ್ ಬಂದಿದ್ದವು.

ಎಜ್‌ಬಾಸ್ಟನ್, 1967

ಪ್ರಸನ್ನ, ಚಂದ್ರಶೇಖರ್, ಬಿಷನ್ ಸಿಂಗ್ ಬೇಡಿ, ಎಸ್. ವೆಂಕಟರಾಘವನ್ ಈ ನಾಲ್ವರನ್ನು ‘ಸ್ಪಿನ್ ಚತುಷ್ಟಯ’ ಎಂದು ಕರೆಯುವುದರಿಂದ, ಅವರು ವರ್ಷಗಟ್ಟಲೆ ಒಟ್ಟಿಗೇ ಬೌಲಿಂಗ್ ಮಾಡಿದರು ಎಂಬ ಭಾವನೆ ಬೇರೂರಿದೆ. ಇದು ನಿಜವಲ್ಲ. ನಾಲ್ವರೂ ಒಂದೇ ತಂಡದಲ್ಲಿ ಆಡಿದ್ದು ಒಂದೇ ಒಂದು ಟೆಸ್ಟ್: 1967ರ ಜುಲೈ 13ರಿಂದ ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ನಡೆದ, ಇಂಗ್ಲೆಂಡ್ ವಿರುದ್ಧದ ಪಂದ್ಯ. ಉಳಿದ ಪಂದ್ಯಗಳಲ್ಲಿ ಅವರಲ್ಲಿ ಹೆಚ್ಚೆಂದರೆ ಮೂವರು ಆಡಿದರು. ನಾಲ್ವರ ವಿಕೆಟ್‌ಗಳನ್ನು ಕೂಡಿಸಿದಾಗ ಬರುವ 853 (ಬೇಡಿ 266, ಚಂದ್ರಶೇಖರ್ 242, ಪ್ರಸನ್ನ 189, ವೆಂಕಟರಾಘವನ್ 156) ಎಂಬ ಸಂಖ್ಯೆ ಸರಿಯಾದದ್ದೇ. ಅದನ್ನು ನಾಲ್ವರ ಕೂಡು ದುಡಿಮೆ ಎಂದು ಓದಿಕೊಂಡದ್ದರಿಂದ ಗೊಂದಲ ಹುಟ್ಟಿದೆ.

ಆ ಪಂದ್ಯದ ಇನ್ನೊಂದು ಸಂಗತಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಪ್ರವಾಸದುದ್ದಕ್ಕೂ ಗಾಯಾಳುಗಳ ಸಮಸ್ಯೆ ತಂಡವನ್ನು ಕಾಡಿತ್ತು. ನಾಲ್ವರು ಸ್ಪಿನ್ನರ್‌ಗಳನ್ನು ಆಡಿಸಿದ ಮೇಲೆ ಹೊಸ ಚೆಂಡು ಎಸೆಯಲು ಯಾರೂ ಉಳಿಯಲಿಲ್ಲ. ಕೊನೆಗೆ ಅದನ್ನು ಹಿಡಿದವರು ಮೈಸೂರು ತಂಡದ ವಿ. ಸುಬ್ರಹ್ಮಣ್ಯ ಮತ್ತು ಮೂಲ್ಕಿಯಲ್ಲಿ ಹುಟ್ಟಿ, ಆಗ ಮೈಸೂರಿಗೆ ರಣಜಿ ಆಡುತ್ತಿದ್ದ ಬುಧಿ ಕುಂದರನ್. ಕುಂದರನ್ ಮೂಲತಃ ವಿಕೆಟ್ ಕೀಪರ್. ಈ ಪಂದ್ಯದಲ್ಲಿ ಕೀಪಿಂಗ್ ಫಾರೂಕ್ ಎಂಜಿನಿಯರ್ ಪಾಲಿಗಿತ್ತು. ಹೀಗೆ ಆ ಟೆಸ್ಟ್‌ನಲ್ಲಿ ಚೆಂಡು ಹಿಡಿದ ಆರು ಮಂದಿ ಬೌಲರ್‌ಗಳಲ್ಲಿ ನಾಲ್ವರು ಒಂದೇ ರಣಜಿ ತಂಡದವರು. ಸ್ಪಿನ್ ದಾಳಿಯ ಚರಿತ್ರೆಯಲ್ಲಿ ಮೈಸೂರಿನ ಪಾಲನ್ನು ಪ್ರಸನ್ನ, ಚಂದ್ರ ಇಬ್ಬರಿಗಷ್ಟೇ ನಿಲ್ಲಿಸುವುದು ಇದರಿಂದ ತಪ್ಪಾಗುತ್ತದೆ.

ಪಂದ್ಯವನ್ನು ಭಾರತ ಸೋತಿತು. ಇಂಗ್ಲೆಂಡ್ 298 ಮತ್ತು 203, ಭಾರತ 92 ಮತ್ತು 277. ಸೋಲಿನ ಅಂತರ 132 ರನ್. ಬೌಲರ್‌ಗಳು ಇಪ್ಪತ್ತು ವಿಕೆಟ್ ಉರುಳಿಸಿ ತಮ್ಮ ಕೆಲಸ ಮುಗಿಸಿದ್ದರು. ಕೈಕೊಟ್ಟದ್ದು ಮೊದಲ ಇನಿಂಗ್ಸ್‌ನ ಬ್ಯಾಟಿಂಗ್. ಆದರೂ ನಾಲ್ವರ ಪ್ರಯೋಗ ಮತ್ತೆ ನಡೆಯಲಿಲ್ಲ. ತಂಡದಲ್ಲಿ ನಾಲ್ಕು ಜಾಗ ಸ್ಪಿನ್ನರ್‌ಗಳಿಗೇ ಹೋದರೆ ಬ್ಯಾಟಿಂಗ್ ಬಾಲ ಬೆಳೆಯುತ್ತದೆ ಎಂಬ ಲೆಕ್ಕಾಚಾರ ಇದಕ್ಕೆ ಕಾರಣವಿರಬೇಕು. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ ಗಳಿಸಿದ್ದು ಒಟ್ಟು 167 ರನ್, ಅವರ ವಿಕೆಟ್‌ಗಳಿಗಿಂತ ಕಡಿಮೆ.

ಮೂರನೆಯ ಸ್ಪಿನ್ನರ್ ಯಾರು?

ಮೂವರಿಗೆ ಮಾತ್ರ ಜಾಗ ಎಂದಾದಾಗ ಬೇಡಿ ಮತ್ತು ಚಂದ್ರ ಜೊತೆ ಯಾರು ಎಂಬುದು ಹಲವು ಸರಣಿಗಳಲ್ಲಿ ತಲೆನೋವಾಯಿತು. ಪ್ರಸನ್ನ, ವೆಂಕಟರಾಘವನ್ ಇಬ್ಬರೂ ಆಫ್ ಸ್ಪಿನ್ನರ್‌ಗಳು. ಪಟೌಡಿಯ ಒಲವು ಪ್ರಸನ್ನರ ಕಡೆಗಿತ್ತು. ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು, ದಾಂಡಿಗ ಮುಂದೆ ಬಂದಾಗ ಅದು ಎಣಿಸಿದ್ದಕ್ಕಿಂತ ಮೊದಲೇ ಬೀಳುವಂತೆ ಮಾಡುವುದು ಪ್ರಸನ್ನರ ವಿದ್ಯೆ. 1971ರಲ್ಲಿ ಅಜಿತ್ ವಾಡೇಕರ್ ನಾಯಕರಾದಾಗ ಲೆಕ್ಕ ಬದಲಾಯಿತು. ಬಿಗಿಯಾಗಿ ಬೌಲ್ ಮಾಡುವ, ಬ್ಯಾಟ್ ಹಿಡಿಯಬಲ್ಲ, ಹತ್ತಿರದಲ್ಲಿ ಕ್ಯಾಚ್ ಹಿಡಿಯುವ ವೆಂಕಟರಾಘವನ್ ಉಪನಾಯಕರಾದರು. ಇಂಗ್ಲೆಂಡ್‌ನ ಮೂರು ಟೆಸ್ಟ್‌ಗಳಲ್ಲಿ ಪ್ರಸನ್ನರಿಗೆ ಒಂದೂ ಸಿಗಲಿಲ್ಲ. ಇಪ್ಪತ್ತೇ ಟೆಸ್ಟ್‌ಗಳಲ್ಲಿ ನೂರು ವಿಕೆಟ್ ದಾಟಿದ್ದ ಬೌಲರ್ ಹೊರಗೆ ಕೂತದ್ದು ಇಂದಿಗೂ ಒಪ್ಪಲು ಕಷ್ಟವಾದ ತೀರ್ಮಾನ. ಫಲಿತಾಂಶವಂತೂ ವಾಡೇಕರ್ ಪರವಾಗಿತ್ತು.

ಆಗಸ್ಟ್ 24ರಂದು ಮುಗಿದ ಓವಲ್ ಟೆಸ್ಟ್ ಸ್ಪಿನ್ ದಾಳಿಯ ಒಳಗುಟ್ಟನ್ನು ಬಿಚ್ಚಿಡುತ್ತದೆ. ಹೊಸ ಚೆಂಡು ಎಸೆದವರು ಆಬಿದ್ ಅಲಿ ಮತ್ತು ಏಕನಾಥ್ ಸೋಲ್ಕರ್. ಅವರ ಕೆಲಸ ಚೆಂಡಿನ ಹೊಳಪು ಕಳೆಯುವುದು. ಎರಡನೇ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ 38 ರನ್‌ಗಳಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಬಾಲ್ಯದ ಪೋಲಿಯೊದಿಂದ ಸೊರಗಿದ್ದ ಬಲಗೈಯಿಂದಲೇ ಅವರು ಬೌಲ್ ಮಾಡುತ್ತಿದ್ದರು. ಗೂಗ್ಲಿಯ ನಡುವೆ ಅವರು ಬಿಡುತ್ತಿದ್ದ ವೇಗದ ಎಸೆತಕ್ಕೆ ತಂಡದವರು ಆ ವರ್ಷದ ಹೆಸರಾಂತ ರೇಸ್ ಕುದುರೆ ‘ಮಿಲ್ ರೀಫ್’ ಹೆಸರು ಇಟ್ಟಿದ್ದರು. ಜಾನ್ ಎಡ್ರಿಚ್ ಬೌಲ್ಡ್ ಆದದ್ದು ಆ ಎಸೆತಕ್ಕೆ. ಆರಂಭಿಕ ಬ್ಯಾಟರ್ ಜೇಮ್ಸನ್ ಅದಕ್ಕೂ ಮೊದಲೇ, ಜೊತೆಗಾರ ಹೊಡೆದ ಚೆಂಡು ಚಂದ್ರರ ಕೈ ಸವರಿ ಗೂಟಕ್ಕೆ ಬಡಿದು ರನ್‌ಔಟ್ ಆಗಿದ್ದರು. ಅಲನ್ ನಾಟ್ ಅವರ ಕ್ಯಾಚ್‌ಗಾಗಿ ಫಾರ್ವರ್ಡ್ ಶಾರ್ಟ್ ಲೆಗ್‌ನಿಂದ ಸೋಲ್ಕರ್ ಮುಂದಕ್ಕೆ ಹಾರಿ ಬಿದ್ದರು, ಚೆಂಡು ನೆಲ ಮುಟ್ಟುವ ಮುನ್ನ ಅಂಗೈ ಅದರಡಿ ಇತ್ತು. ತಲೆಗೆ ಹೆಲ್ಮೆಟ್ ಇಲ್ಲದ ಕಾಲ ಅದು. ಸೋಲ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು. ಭಾರತ ಮೂವರು ಸ್ಪಿನ್ನರ್‌ಗಳನ್ನು ಆಡಿಸುತ್ತದೆಯೇ ಎಂದು ತಿಳಿಯಬೇಕಾದರೆ ಪಿಚ್‌ಗಿಂತ ಮೊದಲು ಸೋಲ್ಕರ್ ತಂಡದಲ್ಲಿದ್ದಾರೆಯೇ ಎಂದು ನೋಡಬೇಕಿತ್ತು. ನಾಲ್ಕು ವಿಕೆಟ್‌ಗಳಿಂದ ಗೆದ್ದ ಈ ಪಂದ್ಯದಿಂದ ಇಂಗ್ಲೆಂಡ್‌ನಲ್ಲಿ ಭಾರತಕ್ಕೆ ಮೊದಲ ಸರಣಿ ದಕ್ಕಿತು.

ರಣಜಿಯಲ್ಲಿ

1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಆ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ ತಂಡ ರಣಜಿ ಟ್ರೋಫಿ ಗೆದ್ದಿತು. ನಾಯಕ ಪ್ರಸನ್ನ, ಜೊತೆಗೆ ಚಂದ್ರಶೇಖರ್ ಮತ್ತು ಎಡಗೈ ಸ್ಪಿನ್ನರ್ ಬಿ. ವಿಜಯಕೃಷ್ಣ: ಭಾರತ ತಂಡದ ಸೂತ್ರದ ರಾಜ್ಯ ಮಟ್ಟದ ರೂಪ. ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಹಿಂದಿಕ್ಕಲಾಯಿತು. ಕರ್ನಾಟಕ 385, ಬಾಂಬೆ 307. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಸ್ಪಿನ್ನರ್‌ಗಳ ಗೆಲುವೆಂದು ನೆನೆಯುವ ಈ ಪಂದ್ಯದಲ್ಲಿ ಅವರಿಗೆ ಕಾಪಾಡಿಕೊಳ್ಳಲು ದೊಡ್ಡ ಮೊತ್ತ ಕೊಟ್ಟವರು ಈ ಇಬ್ಬರು.

ಪೋರ್ಟ್ ಆಫ್ ಸ್ಪೇನ್ ಮತ್ತು ಅದರ ನಂತರ

ಸ್ಪಿನ್ ದಾಳಿಯನ್ನು ಬೇರೆ ತಂಡವೊಂದು ಅನುಕರಿಸಿದಾಗ ಏನಾಯಿತು ಎಂಬುದಕ್ಕೆ 1976ರ ಏಪ್ರಿಲ್‌ನ ಪೋರ್ಟ್ ಆಫ್ ಸ್ಪೇನ್ ಟೆಸ್ಟ್ ಸಾಕ್ಷಿ. ಅಲ್ಲಿನ ಪಿಚ್ ಸ್ಪಿನ್‌ಗೆ ನೆರವಾಗುತ್ತದೆಂದು ನಂಬಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಮೂವರು ಸ್ಪಿನ್ನರ್‌ಗಳನ್ನು ಆಡಿಸಿದರು: ಆಲ್ಬರ್ಟ್ ಪ್ಯಾಡ್‌ಮೋರ್, ರಫೀಕ್ ಜುಮಾದೀನ್, ಇಮ್ತಿಯಾಜ್ ಅಲಿ. ನಾಲ್ಕನೇ ಇನಿಂಗ್ಸ್‌ನಲ್ಲಿ ಭಾರತಕ್ಕೆ ಬೇಕಿದ್ದದ್ದು 403. ಸುನಿಲ್ ಗವಾಸ್ಕರ್ 102, ಮೊಹಿಂದರ್ ಅಮರನಾಥ್ 85, ವಿಶ್ವನಾಥ್ 112. ಚೆಂಡನ್ನು ತೀರ ಕೊನೆಯ ಗಳಿಗೆಯವರೆಗೆ ಕಾದು ಮಣಿಕಟ್ಟಿನಿಂದ ತಿರುಗಿಸುವ ವಿಶ್ವನಾಥರ ಆಟಕ್ಕೆ ಸ್ಪಿನ್ನರ್‌ಗಳಿಗಿಂತ ಒಗ್ಗುವ ಎದುರಾಳಿಗಳಿರಲಿಲ್ಲ. ದೇಶಿ ಕ್ರಿಕೆಟ್‌ನಲ್ಲಿ ಅವರು ಬೆಳೆದದ್ದೇ ಪ್ರಸನ್ನ, ಚಂದ್ರರ ಒಡನಾಟದಲ್ಲಿ. ಭಾರತ 4 ವಿಕೆಟ್‌ಗೆ 406 ಮಾಡಿ ಗೆದ್ದಿತು. ಮೂವರು ಸ್ಪಿನ್ನರ್‌ಗಳು ಸೇರಿ 105 ಓವರ್ ಎಸೆದು ಪಡೆದದ್ದು ಎರಡೇ ವಿಕೆಟ್, ಎರಡೂ ಜುಮಾದೀನ್‌ಗೆ. ಉಳಿದ ಎರಡು ರನ್‌ಔಟ್, ಅವುಗಳಲ್ಲಿ ವಿಶ್ವನಾಥರದೂ ಒಂದು.

ಮುಂದಿನ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ಲಾಯ್ಡ್ ವೇಗಿಗಳ ಕಡೆ ತಿರುಗಿದರು. ಹೋಲ್ಡಿಂಗ್, ಡೇನಿಯಲ್, ಹೋಲ್ಡರ್, ಜೂಲಿಯನ್ ಎದುರು ಭಾರತದ ಬ್ಯಾಟರ್‌ಗಳು ಮೈಗೆ ಪೆಟ್ಟು ತಿಂದರು. ವಿಶ್ವನಾಥರ ಕೈಬೆರಳು ಮುರಿಯಿತು, ಬ್ರಿಜೇಶ್ ಪಟೇಲರ ಬಾಯಿಗೆ ಏಟು ಬಿತ್ತು, ಅಂಶುಮನ್ ಗಾಯಕವಾಡರ ಕಿವಿಗೆ ಚೆಂಡು ಬಡಿಯಿತು. ಎರಡನೇ ಇನಿಂಗ್ಸ್ 97ಕ್ಕೆ ಮುಗಿಯಿತು. ಐವರು ಬ್ಯಾಟ್ ಮಾಡಲೇ ಇಲ್ಲ. ನಾಲ್ವರು ವೇಗಿಗಳ ಸೂತ್ರ ಇಂಗ್ಲೆಂಡ್‌ಗೆ ಪಯಣಿಸಿತು. ಮುಂದೆ 1980ರ ಮಧ್ಯದಿಂದ 1995ರ ಆರಂಭದವರೆಗೆ ವೆಸ್ಟ್ ಇಂಡೀಸ್ ಒಂದೂ ಟೆಸ್ಟ್ ಸರಣಿ ಸೋಲಲಿಲ್ಲ.

ಪೋರ್ಟ್ ಆಫ್ ಸ್ಪೇನ್ ಸೋಲೇ ಈ ಬದಲಾವಣೆಗೆ ಕಾರಣ ಎಂದು ಹೇಳುವುದು ರೂಢಿಯಾಗಿದೆ. ಆದರೆ ಕೆಲವೇ ತಿಂಗಳ ಹಿಂದೆ ಆಸ್ಟ್ರೇಲಿಯಾದಲ್ಲಿ ವೇಗಿಗಳಾದ ಲಿಲಿ ಮತ್ತು ಥಾಮ್ಸನ್ ಎದುರು ಲಾಯ್ಡ್ ತಂಡ 5-1ರಿಂದ ಸೋತಿತ್ತು. ವೇಗದ ಬಲವೇನೆಂಬುದು ಅಲ್ಲೇ ಅರಿವಾಗಿತ್ತು. ಅದನ್ನು ಜಾರಿಗೆ ತರಲು ಬೇಕಾದ ಕೊನೆಯ ನೂಕು ಟ್ರಿನಿಡಾಡ್‌ನಲ್ಲಿ ಸಿಕ್ಕಿತು ಎನ್ನುವುದು ಹೆಚ್ಚು ಸರಿ. ಭದ್ರಾವತಿಯವರೊಬ್ಬರು ವೆಸ್ಟ್ ಇಂಡೀಸ್ ಕ್ರಿಕೆಟ್‌ನ ದಿಕ್ಕು ಬದಲಿಸಿದರೆಂಬ ಮಾತು ಅಭಿಮಾನದ ಅತಿಶಯ. ಆ ತಿರುವಿನ ದಿನ ಅವರು ಕಣದಲ್ಲಿದ್ದರು, ಶತಕ ಹೊಡೆದರು ಎಂಬುದು ಮಾತ್ರ ದಾಖಲೆ.

ಇಳಿಗಾಲ

1978ರಲ್ಲಿ ಪಾಕಿಸ್ತಾನ ಪ್ರವಾಸದಲ್ಲಿ ಭಾರತದ ಸ್ಪಿನ್ನರ್‌ಗಳು ಎದುರಾಳಿ ಬ್ಯಾಟರ್‌ಗಳಿಂದ ದಂಡಿಸಿಕೊಂಡರು. ಅದೇ ಪ್ರವಾಸದ ಫೈಸಲಾಬಾದ್ ಟೆಸ್ಟ್‌ನಲ್ಲಿ ಕಪಿಲ್ ದೇವ್ ಬಂದರು. ವೇಗಿಯ ಕೊರತೆ ನೀಗಿದೊಡನೆ ಮೂವರು ಸ್ಪಿನ್ನರ್‌ಗಳ ಅನಿವಾರ್ಯತೆಯೂ ಹೋಯಿತು.

ಕರ್ನಾಟಕದಲ್ಲಿ ಪರಂಪರೆ ಇನ್ನಷ್ಟು ಕಾಲ ಉಳಿಯಿತು. 1981-82ರ ರಣಜಿ ಸೆಮಿಫೈನಲ್‌ನಲ್ಲಿ ಪುತ್ತೂರಿನ ರಘುರಾಮ ಭಟ್ ಬಾಂಬೆ ವಿರುದ್ಧ ಹ್ಯಾಟ್ರಿಕ್ ಸಹಿತ 123ಕ್ಕೆ 8 ವಿಕೆಟ್ ಪಡೆದರು. ಎರಡನೇ ಇನಿಂಗ್ಸ್‌ನಲ್ಲಿ ಗವಾಸ್ಕರ್ ಕೆಳ ಕ್ರಮಾಂಕಕ್ಕೆ ಇಳಿದು, ಭಟ್ ಅವರ ತಿರುವನ್ನು ಎದುರಿಸಲು ಎಡಗೈಯಲ್ಲಿ ಬ್ಯಾಟ್ ಮಾಡಿದರು. ಒಬ್ಬ ಬೌಲರ್‌ಗೆ ಇದಕ್ಕಿಂತ ದೊಡ್ಡ ಗೌರವ ಸಂದ ಉದಾಹರಣೆ ವಿರಳ. 1990ರ ದಶಕದಲ್ಲಿ ಶ್ರೀನಾಥ್, ವೆಂಕಟೇಶ ಪ್ರಸಾದ್ ಬಂದ ಮೇಲೆ ರಾಜ್ಯದ ಹೆಸರು ವೇಗಕ್ಕೂ ಅಂಟಿಕೊಂಡಿತು.

ಮರಳಿದ ರೂಪ

1993ರಲ್ಲಿ ಅನಿಲ್ ಕುಂಬ್ಳೆ, ವೆಂಕಟಪತಿ ರಾಜು, ರಾಜೇಶ್ ಚೌಹಾಣ್ ಎಂಬ ಸ್ಪಿನ್ ತ್ರಯ ಇಂಗ್ಲೆಂಡನ್ನು 3-0ರಿಂದ ಮಣಿಸಿತು. ಕುಂಬ್ಳೆಗೆ ಮೂರು ಟೆಸ್ಟ್‌ಗಳಲ್ಲಿ 21 ವಿಕೆಟ್. ಕಲ್ಕತ್ತಾದಲ್ಲಿ ಪಿಚ್ ನೋಡಿದ ಮೇಲೂ ಇಂಗ್ಲೆಂಡ್ ನಾಲ್ವರು ವೇಗಿಗಳನ್ನು ಆಡಿಸಿತು. 2021ರ ಅಹಮದಾಬಾದ್ ಹೊನಲು ಬೆಳಕಿನ ಟೆಸ್ಟ್‌ನಲ್ಲೂ ಅದೇ ಎಡವಟ್ಟು: ಒಬ್ಬನೇ ತಜ್ಞ ಸ್ಪಿನ್ನರ್, ಎರಡೇ ದಿನದಲ್ಲಿ ಸೋಲು. 2024ರಲ್ಲಿ ಹೈದರಾಬಾದ್‌ಗೆ ಬಂದಾಗ ಅದೇ ತಂಡ ಒಬ್ಬ ವೇಗಿಯನ್ನಷ್ಟೇ ಇಟ್ಟುಕೊಂಡು, ಟಾಮ್ ಹಾರ್ಟ್ಲಿಯ 62ಕ್ಕೆ 7ರ ನೆರವಿನಿಂದ 28 ರನ್‌ಗಳಿಂದ ಗೆದ್ದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಲ್ತಾನ್‌ನಲ್ಲಿ ಇಂಗ್ಲೆಂಡ್ ಎದುರು ಮೊದಲ ಟೆಸ್ಟ್ ಸೋತ ಪಾಕಿಸ್ತಾನ, ಬಳಸಿದ ಅದೇ ಪಿಚ್ ಮೇಲೆ ಎರಡನೇ ಟೆಸ್ಟ್ ಆಡಿತು. ನೋಮಾನ್ ಅಲಿ 11, ಸಾಜಿದ್ ಖಾನ್ 9: ಇಪ್ಪತ್ತೂ ವಿಕೆಟ್ ಇಬ್ಬರು ಸ್ಪಿನ್ನರ್‌ಗಳಿಗೆ. ಇಂಗ್ಲೆಂಡ್, ಪಾಕಿಸ್ತಾನ ಎರಡರಲ್ಲೂ ತಂಡದ ರಚನೆ ಬದಲಾದದ್ದು ಹಿಂದಿನ ಸೋಲಿನ ನಂತರ. 2025ರ ಅಕ್ಟೋಬರ್‌ನಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶ ವಿರುದ್ಧದ ಏಕದಿನ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ಐವತ್ತೂ ಓವರ್‌ಗಳನ್ನು ಸ್ಪಿನ್ನರ್‌ಗಳಿಂದಲೇ ಮಾಡಿಸಿತು.

ಶಿವಮೊಗ್ಗದಲ್ಲಿ

ವಿಶ್ವನಾಥರ ಭದ್ರಾವತಿ ಇರುವ ಜಿಲ್ಲೆಯ ಕೇಂದ್ರವಾದ ಶಿವಮೊಗ್ಗದ ನವುಲೆಯ ಕೆಎಸ್‌ಸಿಎ ಮೈದಾನದಲ್ಲಿ ಈಚೆಗೆ ರಣಜಿ ಪಂದ್ಯಗಳೂ ನಡೆಯುತ್ತಿವೆ. ಅಲ್ಲಿಂದ ದೇಶಕ್ಕೆಲ್ಲ ತಲುಪಿದ ಸುದ್ದಿ ಮಾತ್ರ ಬ್ಯಾಟಿಂಗ್‌ನದು: 2024ರ ಜನವರಿಯ, 19 ವರ್ಷದೊಳಗಿನವರ ಕೂಚ್ ಬಿಹಾರ್ ಟ್ರೋಫಿ ಫೈನಲ್‌ನಲ್ಲಿ ಮುಂಬೈ ವಿರುದ್ಧ ಪ್ರಖರ್ ಚತುರ್ವೇದಿ ಅಜೇಯ 404 ಹೊಡೆದರು, ಕರ್ನಾಟಕ 8 ವಿಕೆಟ್‌ಗೆ 890 ಮಾಡಿತು.

ನಗರದ ಹೆಸರು ಹೊತ್ತ ವೃತ್ತಿಪರ ತಂಡಗಳು ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಹಾಗೂ 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯಲ್ಲಿ ಆಡಿವೆ. 2019ರ ಆಗಸ್ಟ್‌ನಲ್ಲಿ ಬಳ್ಳಾರಿ ಟಸ್ಕರ್ಸ್‌ನ ಆಫ್ ಸ್ಪಿನ್ನರ್ ಕೃಷ್ಣಪ್ಪ ಗೌತಮ್, ಶಿವಮೊಗ್ಗ ಲಯನ್ಸ್ ವಿರುದ್ಧ 56 ಎಸೆತಗಳಲ್ಲಿ ಅಜೇಯ 134 ಹೊಡೆದು, ನಂತರ ನಾಲ್ಕು ಓವರ್‌ಗಳಲ್ಲಿ 15 ರನ್ ಕೊಟ್ಟು 8 ವಿಕೆಟ್ ಕಿತ್ತರು. ಇದನ್ನು ಟಿ20 ವಿಶ್ವದಾಖಲೆ ಎಂದು ಬರೆದವರಿದ್ದಾರೆ. ಕೆಪಿಎಲ್ ಪಂದ್ಯಗಳಿಗೆ ಅಧಿಕೃತ ಟಿ20 ಮಾನ್ಯತೆ ಇಲ್ಲದ ಕಾರಣ ಈ ಅಂಕಿಗಳು ದಾಖಲೆ ಪಟ್ಟಿಗೆ ಸೇರಿಲ್ಲ.