ಸದರ್ನ್ ಮರಾಠಾ ರೈಲ್ವೆ ಕಂಪನಿ

ಸದರ್ನ್ ಮರಾಠಾ ರೈಲ್ವೆ ಕಂಪನಿಯು ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಇಂದಿನ ಕರ್ನಾಟಕದ ಬಹುಭಾಗದಲ್ಲಿ ರೈಲುಮಾರ್ಗಗಳನ್ನು ನಡೆಸಿದ ಖಾಸಗಿ ಸಂಸ್ಥೆಯಾಗಿತ್ತು. 1882ರಲ್ಲಿ ಸ್ಥಾಪಿತವಾದ ಇದು ಸುಮಾರು ಇಪ್ಪತ್ತೈದು ವರ್ಷ ಮಾತ್ರ ಬಾಳಿತು. ಆದರೂ ಮುಂಬಯಿ ಪ್ರಾಂತ್ಯ, ಮದರಾಸು ಪ್ರಾಂತ್ಯ ಹಾಗೂ ಮೈಸೂರು ಸಂಸ್ಥಾನಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳನ್ನು ಒಂದೇ ಮಾರ್ಗಜಾಲದಲ್ಲಿ ಜೋಡಿಸಿತು.

ಹಿನ್ನೆಲೆ

1876–78ರ ಭೀಕರ ಕ್ಷಾಮದಲ್ಲಿ ದಕ್ಷಿಣ ಭಾರತದ ಲಕ್ಷಾಂತರ ಜನರು ಮಡಿದರು. ರೈಲು ಇಲ್ಲದ ಸೀಮೆಗಳಿಗೆ ಧಾನ್ಯ ಸಾಗಿಸಲು ಎತ್ತಿನ ಗಾಡಿಯೇ ಆಧಾರವಾಗಿತ್ತು. ಮೇವು, ನೀರುಗಳಿಲ್ಲದೆ ಎತ್ತುಗಳೂ ಸತ್ತವು. 1880ರ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರೈಲು ವಿಸ್ತರಿಸಬೇಕೆಂದು ಶಿಫಾರಸು ಮಾಡಿತು. ಬಂಡವಾಳಕ್ಕೆ ಸರ್ಕಾರವು ಬಡ್ಡಿಯ ಖಾತರಿ ನೀಡಿದ್ದರಿಂದ ಕಂಪನಿಯು ರೂಪುಗೊಂಡಿತು.

ಮಾರ್ಗಗಳು

ಮೊದಲು ಹೊಟಗಿ–ಗದಗ ನಡುವೆ ವಿಜಯಪುರ, ಬಾಗಲಕೋಟೆಗಳ ಮೂಲಕ ಮೀಟರ್ ಗೇಜ್ ಮಾರ್ಗ ನಿರ್ಮಾಣವಾಯಿತು. ಪಶ್ಚಿಮದಲ್ಲಿ ಕ್ಯಾಸಲ್‌ರಾಕ್ ಬಳಿ ಪೋರ್ಚುಗೀಸ್ ಗೋವೆಯ ಮಾರ್ಗವನ್ನು ಸೇರಿ ಮುರಗಾಂವ್ ಬಂದರಿಗೆ ಸಂಪರ್ಕ ದೊರೆಯಿತು. ಪೂರ್ವಕ್ಕೆ ಹೊಸಪೇಟೆ, ಬಳ್ಳಾರಿಗಳ ಮೂಲಕ ಗುಂತಕಲ್ಲಿನವರೆಗೂ, ಉತ್ತರಕ್ಕೆ ಬೆಳಗಾವಿ, ಮೀರಜ್‌ಗಳ ಮೂಲಕ ಪುಣೆಯವರೆಗೂ ಜಾಲವು ಹಬ್ಬಿತು.

ಮೈಸೂರು ಸಂಸ್ಥಾನದಲ್ಲಿ

ಕ್ಷಾಮದ ಸಾಲದಿಂದ ಬಳಲಿದ್ದ ಮೈಸೂರು ಸರ್ಕಾರಕ್ಕೆ ರೈಲು ಕಾಮಗಾರಿ ಮುಂದುವರಿಸಲು ಹಣ ಸಾಲಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ತನ್ನ ಮಾರ್ಗಗಳ ನಿರ್ವಹಣೆಯನ್ನು ಈ ಕಂಪನಿಗೆ ವಹಿಸಿ, ಅದರ ಮೂಲಕ ಲಂಡನ್ನಿನಲ್ಲಿ ಸಾಲ ಎತ್ತಿತು. 1889ರಲ್ಲಿ ಬೆಂಗಳೂರು–ಹರಿಹರ ಮಾರ್ಗ ಪೂರ್ಣಗೊಂಡಿತು. ಹೀಗೆ ರೈಲು ಬಂದಿತಾದರೂ ಅದರ ಆಡಳಿತವು ದೀರ್ಘಕಾಲ ಸಂಸ್ಥಾನದ ಕೈಯಲ್ಲಿ ಉಳಿಯಲಿಲ್ಲ. ಬೆಂಗಳೂರು–ಹರಿಹರ ಮಾರ್ಗವು ಮರಳಿ ಮೈಸೂರಿನ ವಶಕ್ಕೆ ಬಂದದ್ದು 1938ರಲ್ಲಿ.

ಮಲೆನಾಡು

ಬೀರೂರು–ಶಿವಮೊಗ್ಗ ಮಾರ್ಗವು 1899ರಲ್ಲಿ ಆರಂಭವಾಯಿತು. ಕಂಪನಿಯ ಕಾಲದಲ್ಲಿ ರೈಲು ಶಿವಮೊಗ್ಗದಿಂದ ಮುಂದೆ ಹೋಗಲಿಲ್ಲ. ಆನಂದಪುರ, ಸಾಗರಗಳ ಮೂಲಕ ತಾಳಗುಪ್ಪದವರೆಗಿನ ಮಾರ್ಗವನ್ನು ಮೈಸೂರು ಸರ್ಕಾರವು 1940ರಲ್ಲಿ ಪೂರ್ಣಗೊಳಿಸಿತು. ಸೊರಬ, ಶಿಕಾರಿಪುರ ಪಟ್ಟಣಗಳನ್ನು ಅದೂ ಮುಟ್ಟಲಿಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ ಮಂಜೂರಾತಿ ದೊರೆತದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ.

ವಿಲೀನ ಮತ್ತು ಉಳಿಕೆಗಳು

1908ರ ಆರಂಭದಲ್ಲಿ ಕಂಪನಿಯು ಮದರಾಸು ರೈಲ್ವೆಯೊಂದಿಗೆ ಸೇರಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯಾಯಿತು. ಆ ಸಂಸ್ಥೆಯನ್ನು 1944ರಲ್ಲಿ ಸರ್ಕಾರವು ವಶಪಡಿಸಿಕೊಂಡಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯ ಭಾಗವಾಯಿತು. ಧಾರವಾಡದಲ್ಲಿದ್ದ ಕಂಪನಿಯ ಪ್ರಧಾನ ಕಚೇರಿಯ ಕಟ್ಟಡವು ಮುಂದೆ ಕರ್ನಾಟಕ ಕಾಲೇಜಿಗೆ ಸೇರಿತು. ಕಂಪನಿಯ ಕಾಲದಲ್ಲಿ ಆರಂಭವಾದ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರವು ಇಂದು ನೈಋತ್ಯ ರೈಲ್ವೆಯ ಅಧೀನದಲ್ಲಿ ಕೆಲಸ ಮಾಡುತ್ತಿದೆ.