‘ಇದು ಕನ್ನಡದಾಗ ಯಾಕ ಇಲ್ಲ?’: ಒಂದು ಹಳೆಯ ಪ್ರಶ್ನೆ

2025ರ ಸೆಪ್ಟೆಂಬರ್ ಕೊನೆಯ ವಾರ ಮನೆಯ ಕೆಲಸಕ್ಕೆಂದು ಪುಣೆಗೆ ಹೋಗಿದ್ದೆ. ನಮ್ಮ ಜಿಲ್ಲೆಯ ನಾಲ್ವರು ಹುಡುಗರು ಅಲ್ಲಿ ಒಂದೇ ಖೋಲಿಯಲ್ಲಿ ಇದ್ದು ದುಡಿಯುತ್ತಾರೆ. ಒಬ್ಬ ಬೆಟಗೇರಿಯವನು, ಒಬ್ಬ ಲಕ್ಷ್ಮೇಶ್ವರದವನು, ಒಬ್ಬ ಶಿರಹಟ್ಟಿ, ಇನ್ನೊಬ್ಬ ಮುಂಡರಗಿ. ರವಿವಾರ ಎಲ್ಲರಿಗೂ ಸೂಟಿ ಇತ್ತು. ಮರಾಠಿ ಸಿನಿಮಾ ‘ಸಾಬರ ಬೋಂಡ’ಕ್ಕೆ ಹೋಗೋಣ ಎಂದೆ. ಇಬ್ಬರು ಗಂಡಸರ ಪ್ರೀತಿಯ ಕಥೆ ಎಂದು ಮೊದಲೇ ಹೇಳಿದೆ. ಒಬ್ಬ ನಕ್ಕ. ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ.

ಸಾಬರ ಬೋಂಡ ಎಂದರೆ ಪಾಪಾಸುಕಳ್ಳಿಯ ಹಣ್ಣು. ಮುಳ್ಳು ತೆಗೆದು ಬಿಡಿಸಿದರೆ ಒಳಗೆ ಕೆಂಪಗೆ ಇರುತ್ತದಲ್ಲ, ಅದೇ. ನಿರ್ದೇಶಕ ರೋಹನ್ ಪರಶುರಾಮ ಕಾನವಡೆ ಅವರ ಮೊದಲ ಕಥಾಚಿತ್ರ ಇದು. ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ದೊಡ್ಡ ಪ್ರಶಸ್ತಿ ಪಡೆದು, ಸೆಪ್ಟೆಂಬರ್ 19ಕ್ಕೆ ನಮ್ಮ ದೇಶದ ಥೇಟರುಗಳಿಗೆ ಬಂತು. ಮುಂಬೈಯಲ್ಲಿ ಕಾಲ್ ಸೆಂಟರ್ ಕೆಲಸ ಮಾಡುವ ಆನಂದ, ತಂದೆ ತೀರಿದ ಮೇಲೆ ಹತ್ತು ದಿನದ ಸೂತಕಕ್ಕೆ ಊರಿಗೆ ಬರುತ್ತಾನೆ. ಬಂಧುಗಳು ಮದುವೆಯ ಮಾತು ತೆಗೆಯುತ್ತಾರೆ. ಅಲ್ಲೇ ಒಕ್ಕಲುತನ ಮಾಡುವ ಬಾಲ್ಯದ ಗೆಳೆಯ ಬಾಳ್ಯಾನ ಜೊತೆ ಮತ್ತೆ ಸಲಿಗೆ ಬೆಳೆಯುತ್ತದೆ. ಮಗನ ವಿಷಯ ಅವ್ವಗೆ ಗೊತ್ತು, ಅವಳು ಅವನ ಬೆನ್ನಿಗೆ ಇದ್ದಾಳೆ. ಹೊಡೆದಾಟ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ.

ಹೊರಗೆ ಬಂದು ಚಹಾ ಕುಡಿಯುತ್ತ ಕೇಳಿದೆ, ಹೆಂಗಿತ್ತು? ಬೆಟಗೇರಿಯವನಿಗೆ ಸಿನಿಮಾ ಭಾಳ ನಿಧಾನ ಅನಿಸಿತ್ತು, ಆದರೆ ಸೂತಕದ ಮನೆಯನ್ನು ಇಷ್ಟು ಸರಿಯಾಗಿ ತೋರಿಸಿದ ಸಿನಿಮಾ ತಾನು ನೋಡಿಲ್ಲ ಎಂದ. ಮುಂಡರಗಿಯವನು ಕೊನೆಯವರೆಗೂ ಹೆದರುತ್ತಲೇ ಕೂತಿದ್ದನಂತೆ. ಇಬ್ಬರಲ್ಲಿ ಒಬ್ಬನನ್ನು ಯಾರೋ ಕೊಲ್ಲುತ್ತಾರೆ, ಇಲ್ಲವೇ ಒಬ್ಬ ತಾನೇ ಸಾಯುತ್ತಾನೆ ಎಂದುಕೊಂಡಿದ್ದ. ಯಾರೂ ಸಾಯಲಿಲ್ಲ ಎಂಬುದೇ ಅವನಿಗೆ ಸೋಜಿಗ. ಶಿರಹಟ್ಟಿಯವನ ಚಿಂತೆ ಬೇರೆ. ಇದೆಲ್ಲ ಸರಿ, ನಾಳೆ ಹೊಲ ಯಾರು ನೋಡಬೇಕು, ಮನೆತನ ಹೆಂಗ ನಡೀಬೇಕು ಎಂದ. ಲಕ್ಷ್ಮೇಶ್ವರದವನು ಕೇಳಿದ್ದು ಒಂದೇ ಮಾತು: ‘ಇದು ಕನ್ನಡದಾಗ ಯಾಕ ಇಲ್ಲ?’

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಒಂದೂವರೆ ಶತಮಾನದ ವಯಸ್ಸಾಗಿದೆ.

1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಆಗ ನಮ್ಮ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ. ಗದಗ, ಮುಂಡರಗಿ ಇಂಗ್ಲಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ಶಾಲೆ, ಕಚೇರಿಗಳ ಜೊತೆ ಮರಾಠಿ ನಾಟಕ ಕಂಪನಿಗಳೂ ಈ ಕಡೆ ಬಂದವು. ನಮ್ಮ ಜನ ದುಡ್ಡು ಕೊಟ್ಟು ನೋಡಿದರು, ಮೆಚ್ಚಿದರು, ಹಾಡು ಕಲಿತರು. ಆಗ ಕನ್ನಡ ಶಾಲೆಯ ಮಾಸ್ತರರಾಗಿದ್ದ ಸಕ್ಕರಿ ಬಾಳಾಚಾರ್ಯರಿಗೆ, ಅಂದರೆ ಶಾಂತಕವಿಗಳಿಗೆ, ಇದೇ ಪ್ರಶ್ನೆ ಕಾಡಿತು. 1870ರ ದಶಕದಲ್ಲಿ ಅವರು ಗದಗಿನಲ್ಲಿ ವೀರನಾರಾಯಣ ದೇವರ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ, ತಾವೇ ‘ಉಷಾಹರಣ’ದಂಥ ನಾಟಕ ಬರೆದು ಆಡಿಸಿದರು. ಮುಂದೆ ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬೆಳೆದವು. ಮರಾಠಿಯವರದು ನೋಡಿ ನಾವು ಹೊಟ್ಟೆಕಿಚ್ಚು ಪಡುವುದರಲ್ಲೇ ನಿಲ್ಲಲಿಲ್ಲ, ನಮ್ಮದನ್ನು ಮಾಡಿದೆವು.

ಆ ಕಾಲದ ರಂಗದ ಮೇಲೆ ಉಷೆಯೂ ಗಂಡಸೇ, ಅನಿರುದ್ಧನೂ ಗಂಡಸೇ. ಸ್ತ್ರೀ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಮರಾಠಿಯ ಬಾಲಗಂಧರ್ವರು ಸೀರೆ ಉಟ್ಟು ನಿಂತರೆ ಗರತಿಯರು ಆ ಉಡುಗೆ ನೋಡಿ ಕಲಿಯುತ್ತಿದ್ದರು ಎಂಬ ಮಾತು ಇಂದಿಗೂ ಇದೆ. ಹಾಗಂತ ನಮ್ಮ ಹಿರಿಯರು ಗಂಡು ಗಂಡಿನ ಪ್ರೀತಿಯನ್ನು ಒಪ್ಪಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಒಪ್ಪಿದ್ದು ಪಾತ್ರವನ್ನು. ಬಣ್ಣ ತೊಳೆದ ಮೇಲೆ ಆ ನಟ ಮನೆಗೆ ಹೋಗಿ ಗಂಡಸಾಗಿಯೇ ಇರಬೇಕಿತ್ತು.

ಜೋಗಪ್ಪಗಳ ವಿಷಯದಲ್ಲೂ ಹೀಗೇ. ಎಲ್ಲಮ್ಮನ ಕೊಡ ಹೊತ್ತು ಬಂದರೆ ನಮ್ಮ ಓಣಿಗಳಲ್ಲಿ ಇಂದಿಗೂ ಕೈ ಮುಗಿಯುತ್ತಾರೆ. ಬಳ್ಳಾರಿ ಜಿಲ್ಲೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಇದೆಲ್ಲ ದೊಡ್ಡ ಮಾತೇ. ಆದರೆ ಹೆಣ್ಣಾಗಿ ಬದುಕುವವರ ಕಥೆ ಬೇರೆ, ಗಂಡಸಾಗಿಯೇ ಇದ್ದು ಇನ್ನೊಬ್ಬ ಗಂಡಸನ್ನು ಪ್ರೀತಿಸುವವನ ಕಥೆ ಬೇರೆ. ನಮ್ಮ ಕಡೆ ಎರಡನ್ನೂ ಒಂದೇ ಬೈಗುಳದಲ್ಲಿ ಕಟ್ಟುತ್ತಾರೆ. ಎರಡನೆಯವನಿಗೆ ಕೊಡವೂ ಇಲ್ಲ, ದೇವರ ಹೆಸರೂ ಇಲ್ಲ. ಸಿನಿಮಾದಲ್ಲಿ ಅವನಿಗೆ ಸಿಕ್ಕಿದ್ದು ಹೆಚ್ಚಾಗಿ ಕಾಮಿಡಿ ಸೀನು. ಸೊಂಟ ತಿರುವಿ ನಡೆದರೆ ಥೇಟರ್ ತುಂಬ ಸಿಳ್ಳೆ. ಹೈಸ್ಕೂಲಿನಲ್ಲಿದ್ದಾಗ ನಾನೂ ಸಿಳ್ಳೆ ಹೊಡೆದಿದ್ದೇನೆ.

ನಗುವಂತೆ ಮಾಡದೆ ತೋರಿಸಿದಾಗ ಏನಾಯಿತು ಎಂಬುದಕ್ಕೂ ದಾಖಲೆ ಇದೆ. ದೀಪಾ ಮೆಹ್ತಾ ಅವರ ‘ಫೈರ್’ 1998ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದು ಇಬ್ಬರು ಹೆಂಗಸರ ಪ್ರೀತಿಯ ಕಥೆ. ಡಿಸೆಂಬರ್‌ನಲ್ಲಿ ಮುಂಬೈ, ದೆಹಲಿಯ ಥೇಟರುಗಳ ಮೇಲೆ ದಾಳಿ ನಡೆದವು. ಕಾನೂನೂ ಹಿಂದೆ ಮುಂದೆ ಓಲಾಡಿತು. 2009ರಲ್ಲಿ ದೆಹಲಿ ಹೈಕೋರ್ಟ್ ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದು ಇತ್ಯರ್ಥ ಮಾಡಿತು. ಮದುವೆಯ ಹಕ್ಕು ಕೇಳಿದವರಿಗೆ 2023ರ ಅಕ್ಟೋಬರ್‌ನಲ್ಲಿ ಇಲ್ಲ ಎಂಬ ಉತ್ತರ ಬಂತು.

ಕನ್ನಡದಲ್ಲಿ ಈ ಕೆಲಸ ಮೊದಲು ಮಾಡಿದ್ದು ಸಿನಿಮಾ ಅಲ್ಲ, ಪುಸ್ತಕ. 2013ರಲ್ಲೇ ಸಂಡೂರಿನ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಬಂತು. ಸಂಡೂರು ನಮಗೆ ದೂರದ ಊರಲ್ಲ. ಡಿಪ್ಲೊಮಾ ಓದುವಾಗ ನಮ್ಮ ಹಾಸ್ಟೆಲ್ಲಿನಲ್ಲಿ ಅದರ ಒಂದು ಪ್ರತಿ ಓಡಾಡಿತು. ರಟ್ಟಿಗೆ ಹಳೆ ಪೇಪರಿನ ಹೊದಿಕೆ ಹಾಕಲಾಗಿತ್ತು. ಎಷ್ಟು ಜನ ಓದಿದರೋ ಗೊತ್ತಿಲ್ಲ, ಅದರ ಬಗ್ಗೆ ಮಾತಾಡಿದವರು ಒಬ್ಬರೂ ಇರಲಿಲ್ಲ. ಆಮೇಲೆ ಕರ್ನಾಟಕ ಮೂಲದ ಶ್ರೀಧರ್ ರಂಗಾಯನ್ 2018ರಲ್ಲಿ ‘ಈವ್ನಿಂಗ್ ಶ್ಯಾಡೋಸ್’ ಮಾಡಿದರು. ದಕ್ಷಿಣದ ಸಣ್ಣ ಊರಿನ ತಾಯಿಯೊಬ್ಬಳು ಮಗನನ್ನು ಅರ್ಥ ಮಾಡಿಕೊಳ್ಳುವ ಕಥೆ. ಸಿನಿಮಾ ಹಿಂದಿಯಲ್ಲಿತ್ತು. ಮಲಯಾಳಂನಲ್ಲಿ 2023ರ ‘ಕಾದಲ್’ ಚಿತ್ರದಲ್ಲಿ ಮಮ್ಮುಟ್ಟಿಯಂಥ ದೊಡ್ಡ ನಟನೇ ಅಂಥ ಪಾತ್ರ ಮಾಡಿದರು.

ಈಗ ಪುಣೆಯ ಚಹಾದಂಗಡಿಗೆ ವಾಪಸು ಬರುತ್ತೇನೆ. ಆ ರಾತ್ರಿ ನಾನು ಬಸ್ಸು ಹತ್ತಿದ ಮೇಲೆ ನಾಲ್ವರಲ್ಲಿ ಒಬ್ಬನ ಮೆಸೇಜು ಬಂತು. ಎಲ್ಲರ ಮುಂದೆ ಹೇಳಿದ್ದು ತನ್ನ ಅಭಿಪ್ರಾಯ ಅಲ್ಲ ಎಂದು ಬರೆದಿದ್ದ. ಅವ್ವ ಮಗನ ಜೊತೆ ಕೂತು ಮಾತಾಡುವ ಸೀನು ಬಂದಾಗ ತನಗೆ ಅಳು ತಡೆಯಲು ಆಗಲಿಲ್ಲವಂತೆ, ಕತ್ತಲಿದ್ದದ್ದು ಒಳ್ಳೇದಾಯಿತಂತೆ. ದೀಪಾವಳಿಗೆ ಊರಿಗೆ ಹೋದರೆ ಹೆಣ್ಣು ತೋರಿಸಲು ಕಾದಿದ್ದಾರೆ, ಏನು ಹೇಳಬೇಕು ತಿಳಿಯದು ಎಂದಿದ್ದ. ಬರೆಯುವುದಿದ್ದರೆ ಬರೆಯಿರಿ, ಊರು ಮಾತ್ರ ಬೇಡ ಎಂಬುದು ಕೊನೆಯ ಸಾಲು. ಆದ್ದರಿಂದ ನಾಲ್ಕು ಊರಲ್ಲಿ ಯಾವುದು ಎಂದು ನಾನು ಬರೆಯುವುದಿಲ್ಲ. ಮೇಲೆ ಕೊಟ್ಟ ನಾಲ್ಕು ಅಭಿಪ್ರಾಯಗಳಲ್ಲಿ ಒಂದು ನಿಜವಲ್ಲ ಎಂಬುದಷ್ಟೇ ನಿಮಗೆ ಗೊತ್ತಿರಲಿ.

ನಾನು ಸ್ಟ್ರಿಂಗರ್. ಸಿನಿಮಾ ಬಿಟ್ಟ ಕೂಡಲೇ ಗೇಟಿನ ಹತ್ತಿರ ನಿಂತು ಪ್ರೇಕ್ಷಕರ ಅಭಿಪ್ರಾಯ ಕೇಳಿ ಬರೆಯುವುದು ನನ್ನ ರೂಢಿ. ಇಂಥ ಸಿನಿಮಾದ ಮಟ್ಟಿಗೆ ಆ ರೂಢಿ ಸಾಲದು ಎಂದು ಆ ಬಸ್ಸಿನಲ್ಲಿ ತಿಳಿಯಿತು. ನಾಲ್ಕು ಜನರ ನಡುವೆ ನಿಂತವನು ನಾಲ್ಕು ಜನ ಒಪ್ಪುವ ಮಾತನ್ನೇ ಆಡುತ್ತಾನೆ. ಮರಾಠಿ ಸಿನಿಮಾದ ಮುಂದೆ ಕತ್ತಲಲ್ಲಿ ಕೂತು ಅವನು ಅತ್ತದ್ದಕ್ಕೆ ಒಂದು ಕಾರಣ, ಅಲ್ಲಿ ಅವನ ಭಾಷೆ ಯಾರಿಗೂ ಗೊತ್ತಿರಲಿಲ್ಲ ಎಂಬುದೂ ಇರಬಹುದು. ಗದಗಿನ ಥೇಟರಿನಲ್ಲಿ, ಕನ್ನಡದ ಅವ್ವನೊಬ್ಬಳು ಪರದೆಯ ಮೇಲೆ ಅದೇ ಮಾತು ಆಡಿದರೆ ಅವನು ಟಿಕೆಟ್ ತೆಗೆದು ಒಳಗೆ ಬರುವನೇ?

ಬರಬೇಕಾದರೆ ಆ ಸಿನಿಮಾ ಮೊದಲು ಇರಬೇಕು. ಶಾಂತಕವಿಗಳು ಕನ್ನಡದ ಪ್ರೇಕ್ಷಕ ತಯಾರಾಗಲಿ ಎಂದು ಕಾಯುತ್ತ ಕೂರಲಿಲ್ಲ. ಶಾಲೆ ಬಿಟ್ಟ ಮೇಲೆ ಕೂತು ನಾಟಕ ಬರೆದರು. ಪ್ರೇಕ್ಷಕರು ಆಮೇಲೆ ಬಂದರು.

ದೀಪಾವಳಿ ಮುಗಿದ ಮೇಲೆ ಆ ಹುಡುಗನಿಗೆ ಫೋನ್ ಮಾಡಿದ್ದೆ. ಈ ಸಲ ಸೂಟಿ ಸಿಗಲಿಲ್ಲ, ಊರಿಗೆ ಹೋಗಲಿಲ್ಲ ಎಂದ. ಉಳಿದ ಮೂವರು ಹೋಗಿ ಬಂದಿದ್ದರು.